ಯುವಕ ಮಂಡಲದ ನಿಧಿಯನ್ನು ಹಂಚುವ ತೀರ್ಮಾನವನ್ನು ಮಕ್ಕಳಿಗೆ ಬಿಡಬಹುದೇ?

ಕಾಪು ಕಡೆಯ ಕಾರ್ಯದರ್ಶಿ:

ಎಲ್ಲರಿಗೂ ನಮಸ್ಕಾರ. ಕಾಪು ಸಮೀಪದ ನಮ್ಮ ಯುವಕ ಮಂಡಲವು ಬೆಳ್ಳಿಹಬ್ಬಕ್ಕೆಂದು ಸಂಗ್ರಹವಾದ ಹಣದಲ್ಲಿ ಖರ್ಚು ಕಳೆದು ಉಳಿದದ್ದನ್ನು ನಿರಖು ಠೇವಣಿಯಲ್ಲಿ ಇಟ್ಟಿದ್ದು, ಅದರಿಂದ ವರ್ಷಕ್ಕೆ ಸುಮಾರು 40,000 ರೂಪಾಯಿ ಬಡ್ಡಿ ಬರುತ್ತಿದೆ. ಇದುವರೆಗೆ ಆ ಹಣವನ್ನು ಕಾರ್ಯಕಾರಿ ಸಮಿತಿಯೇ ನೋಟ್ ಪುಸ್ತಕ ವಿತರಣೆ, ಪ್ರತಿಭಾ ಪುರಸ್ಕಾರ, ಒಂದೆರಡು ವೈದ್ಯಕೀಯ ನೆರವು ಎಂದು ಹಂಚುತ್ತ ಬಂದಿದೆ. ಈ ವರ್ಷ ಎಂಟನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹತ್ತು ಹನ್ನೆರಡು ಮಕ್ಕಳ ಸಮಿತಿಯೊಂದನ್ನು ರಚಿಸಿ, ಊರಿನ ಶಾಲೆ, ಅಂಗನವಾಡಿ, ಸಂಘ ಸಂಸ್ಥೆಗಳಿಂದ ಅರ್ಜಿ ಕರೆದು, ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಅವರೇ ನಿರ್ಧರಿಸುವಂತೆ ಮಾಡೋಣ ಎಂಬ ಸಲಹೆಯನ್ನು ನಾನು ಮುಂದಿಟ್ಟಿದ್ದೇನೆ.

ನಮ್ಮ ಮಕ್ಕಳಿಗೆ ಕೊಡುವುದು ಗೊತ್ತಿಲ್ಲವೆಂದಲ್ಲ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೊರಡುವಾಗ ಮನೆಮನೆಗೆ ಹೋಗಿ ಅಕ್ಕಿ, ತೆಂಗಿನಕಾಯಿ ಒಟ್ಟುಮಾಡುವವರು ಅವರೇ. ರಶೀದಿ ಪುಸ್ತಕ ಹಿಡಿದು ಗಣೇಶೋತ್ಸವದ ವಂತಿಗೆ ಎತ್ತುವವರೂ ಅವರೇ. ಆದರೆ ಒಟ್ಟಾದ ಹಣ ಎಲ್ಲಿಗೆ ಹೋಗಬೇಕೆಂಬ ಚರ್ಚೆ ಆರಂಭವಾದೊಡನೆ ಅವರನ್ನು ಕುರ್ಚಿ ಜೋಡಿಸಲು ಕಳುಹಿಸುತ್ತೇವೆ.

ಹಿರಿಯ ಸದಸ್ಯರು ಕೇಳುವುದು ಇಷ್ಟು: ಕಾನೂನಿನ ತೊಡಕು ಬಂದರೆ ಹೊಣೆ ಯಾರದು? ಮಕ್ಕಳು ತಮ್ಮ ಸ್ನೇಹಿತರಿಗೇ ಕೊಟ್ಟುಬಿಟ್ಟರೆ? ಓದಿನ ನಡುವೆ ಇದೆಲ್ಲ ಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು:

ಕಾರ್ಯದರ್ಶಿಗಳೇ, ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಮಂಡಲವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಅದರ ಹಣಕ್ಕೆ ಕಾರ್ಯಕಾರಿ ಸಮಿತಿಯೇ ಜವಾಬ್ದಾರಿ. ಆ ಜವಾಬ್ದಾರಿಯನ್ನು ಹದಿನೆಂಟು ತುಂಬದವರಿಗೆ ವರ್ಗಾಯಿಸಲು ಬರುವುದಿಲ್ಲ, ವರ್ಗಾಯಿಸಬೇಕಾದ ಅಗತ್ಯವೂ ಇಲ್ಲ. ಮಕ್ಕಳ ಸಮಿತಿಯು ಶಿಫಾರಸು ಮಾಡಲಿ. ಚೆಕ್ಕಿಗೆ ಅಧ್ಯಕ್ಷರು, ಕೋಶಾಧಿಕಾರಿಗಳು ಎಂದಿನಂತೆ ಸಹಿ ಹಾಕಲಿ. ಆದರೆ ಮಹಾಸಭೆಯಲ್ಲಿ ಮೊದಲೇ ಒಂದು ನಿರ್ಣಯವನ್ನು ಬರೆದಿಡಿ: ಶಿಫಾರಸು ಮಂಡಲದ ಉದ್ದೇಶಗಳಿಗೆ ಹೊರತಾಗಿದ್ದರೆ ಅಥವಾ ಅರ್ಜಿಯಲ್ಲಿ ಸುಳ್ಳು ಮಾಹಿತಿ ಇದ್ದರೆ ಮಾತ್ರ ಹಿರಿಯರು ಅದನ್ನು ತಡೆಯಬಹುದು ಮತ್ತು ತಡೆದ ಕಾರಣವನ್ನು ಮಕ್ಕಳಿಗೆ ಲಿಖಿತವಾಗಿ ಕೊಡಬೇಕು. ಈ ಸಾಲು ಇಲ್ಲದಿದ್ದರೆ ನಿಮ್ಮ ಸಮಿತಿ ಹೆಸರಿಗಷ್ಟೇ ಉಳಿಯುತ್ತದೆ, ಏಕೆಂದರೆ ಮಕ್ಕಳು ಕೊಟ್ಟ ಪಟ್ಟಿಯನ್ನು ರಾತ್ರಿ ಬೆಳಗಾಗುವುದರೊಳಗೆ ತಿದ್ದುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ.

ಇನ್ನೊಂದು ಮಾತು. ಬಡ್ಡಿಯ ಹಣದ ಜೊತೆಗೆ ಮಕ್ಕಳ ಕೈಯಿಂದಲೂ ಚೂರು ಸೇರಲಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆಯುತ್ತಿದ್ದರು. ವಾರಕ್ಕೆ ಐದು ರೂಪಾಯಿ ಹಾಕಿದ ಹುಡುಗ ಅರ್ಜಿಯನ್ನು ಓದುವ ರೀತಿಯೇ ಬೇರೆಯಾಗಿರುತ್ತದೆ. ಆದರೆ ಇದು ಕಡ್ಡಾಯವಾಗಬಾರದು, ಯಾರು ಎಷ್ಟು ಹಾಕಿದರೆಂಬುದು ಇತರರಿಗೆ ತಿಳಿಯಲೂಬಾರದು.

ಕಾರ್ಕಳದವನು:

ನನಗೆ ಈ ಯೋಚನೆಯೇ ಒಪ್ಪಿಗೆಯಾಗುತ್ತಿಲ್ಲ, ಕ್ಷಮಿಸಿ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ಹೇಳಿಕೊಟ್ಟ ನಾಡಿನಲ್ಲಿ ಅರ್ಜಿ, ಅಂಕ, ಸಂದರ್ಶನಗಳೇಕೆ? ಹರೇಕಳ ಹಾಜಬ್ಬರು ಮಂಗಳೂರಿನಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ತಮ್ಮೂರಿಗೆ ಶಾಲೆ ತರಲು ಹೊರಟಾಗ ಯಾವ ಸಮಿತಿಯೂ ಕುಳಿತಿರಲಿಲ್ಲ. ಕಟಪಾಡಿಯ ರವಿ ಅವರು ಅಷ್ಟಮಿಗೆ ವೇಷ ಹಾಕಿ ರೋಗಪೀಡಿತ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದ್ದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಕರುಣೆಯನ್ನು ಕಂಡು ಕಲಿಯಬೇಕು. ಹದಿನಾಲ್ಕರ ಮಗುವನ್ನು ಕುಳ್ಳಿರಿಸಿ ಇವರು ಅರ್ಹರು, ಅವರು ಅನರ್ಹರು ಎಂದು ತೀರ್ಪು ಕೊಡಿಸಿದರೆ ಆ ಮಗು ಕಲಿಯುವುದು ದಾನವನ್ನಲ್ಲ, ದರ್ಪವನ್ನು.

ಪಿಯು ಉಪನ್ಯಾಸಕಿ, ಮಂಗಳೂರು:

ಕಾರ್ಕಳದ ಸರ್ ಹೇಳಿದ ದರ್ಪದ ಭಯ ಸುಳ್ಳಲ್ಲ. ಆದರೆ ಅವರು ಕೊಟ್ಟ ಉದಾಹರಣೆಯೇ ನನ್ನ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ನೋವಿನಿಂದ ಹಾಜಬ್ಬರು ತಮ್ಮೂರಿಗೆ ಬೇಕಾದದ್ದು ಶಾಲೆ ಎಂದು ಕಂಡುಕೊಂಡರು. ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದ ಮೇಲೂ ಅವರ ಮಾತು ಶಾಲೆಯ ಸುತ್ತಲೇ ಇತ್ತು. ಕೈಗೆ ಬಂದವರಿಗೆ ಚಿಲ್ಲರೆ ಕೊಟ್ಟು ಸುಮ್ಮನಾಗದೆ ಒಂದು ಕೊರತೆಯನ್ನು ಗುರುತಿಸಿ ಅದರ ಹಿಂದೆ ಬಿದ್ದರಲ್ಲ, ಆ ಗುರುತಿಸುವ ಕೆಲಸವನ್ನೇ ನಾವು ಮಕ್ಕಳಿಗೆ ಕಲಿಸುತ್ತಿಲ್ಲ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕಕ್ಕೆ ಹಳೆ ವಿದ್ಯಾರ್ಥಿಗಳು ಕೊಟ್ಟ 25,000 ರೂಪಾಯಿಯನ್ನು ಇದೇ ಕ್ರಮದಲ್ಲಿ ಹಂಚಿದ್ದೇವೆ. ಅರ್ಜಿ ಒಂದೇ ಪುಟದ್ದು, ಕನ್ನಡದಲ್ಲಿ, ಕೈಬರಹದಲ್ಲಿದ್ದರೂ ಸರಿ. ಏನು ಬೇಕು, ಯಾರಿಗೆ ಬೇಕು, ಉಳಿದ ಹಣ ಎಲ್ಲಿಂದ ಬರುತ್ತದೆ, ಕೊಂಡ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬಷ್ಟನ್ನೇ ಅದರಲ್ಲಿ ಕೇಳಿದ್ದೆವು. ಕೊನೆಯ ಪ್ರಶ್ನೆಯನ್ನು ವಿದ್ಯಾರ್ಥಿನಿಯೊಬ್ಬಳು ಸೇರಿಸಿದ್ದು, ನನಗೆ ಹೊಳೆದಿರಲಿಲ್ಲ.

ಸರಕಾರಿ ಪ್ರಾಥಮಿಕ ಶಾಲೆಯೊಂದು ಕುಡಿಯುವ ನೀರಿನ ಫಿಲ್ಟರ್ ಕೇಳಿ ಅರ್ಜಿ ಹಾಕಿತ್ತು. ಕಾಗದದ ಮೇಲೆ ನೋಡಿದರೆ ಎಲ್ಲರೂ ಕಣ್ಣುಮುಚ್ಚಿ ಒಪ್ಪುವಂಥದ್ದು. ಭೇಟಿಗೆ ಹೋದ ಮೂವರು ಮಕ್ಕಳಿಗೆ ಬಿಸಿಯೂಟದ ಕೋಣೆಯ ಮೂಲೆಯಲ್ಲಿ, ಅಕ್ಕಿ ಚೀಲಗಳ ಹಿಂದೆ, ದಾನಿಯೊಬ್ಬರ ಹೆಸರು ದಪ್ಪಕ್ಷರದಲ್ಲಿ ಬರೆದಿದ್ದ ಫಿಲ್ಟರ್ ಒಂದು ಕಂಡಿತು. ಒಬ್ಬಳು ಅದರ ಮುಚ್ಚಳ ತೆಗೆದು ನೋಡಿದಳು. ಒಳಗೆ ನೀರು ಸೋಸುವ ಕ್ಯಾಂಡಲ್ ಕೆಂಪು ಕೆಸರು ಕಟ್ಟಿ ಕಲ್ಲಿನಂತಾಗಿತ್ತು. ಅಡುಗೆಯ ಅಕ್ಕನನ್ನು ಕೇಳಿದಾಗ, ಕ್ಯಾಂಡಲ್ ಬದಲಿಸಲು ಹಣ ಯಾರು ಕೊಡಬೇಕೆಂಬುದು ತೀರ್ಮಾನವಾಗದೆ ಅದು ಹಾಗೆಯೇ ಉಳಿಯಿತೆಂದು ಹೇಳಿದರು. ಮಕ್ಕಳು ಹಿಂದಿರುಗಿ ಬಂದು ಹೊಸ ಫಿಲ್ಟರಿಗೆ ಇಲ್ಲವೆಂದರು. ಅದರ ಬದಲು ಹಳೆಯದರ ದುರಸ್ತಿಗೂ ಎರಡು ವರ್ಷಗಳ ಕ್ಯಾಂಡಲಿಗೂ ಹಣ ಕೊಟ್ಟು, ಬದಲಿಸಿದ ದಿನಾಂಕವನ್ನು ಗೋಡೆಯ ಮೇಲೆ ಬರೆಯಬೇಕೆಂಬ ಷರತ್ತು ಹಾಕಿದರು. ಕೇಳಿದ್ದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಕೆಲಸ ಮುಗಿಯಿತು. ದೊಡ್ಡವರ ಸಮಿತಿಯಾಗಿದ್ದರೆ ಹೊಸ ಫಿಲ್ಟರ್ ಕೊಟ್ಟು, ಅದರ ಮೇಲೆ ಇನ್ನೊಂದು ಹೆಸರು ಬರೆಸಿ, ಶಾಲು ಹೊದಿಸಿಕೊಂಡು ಬರುತ್ತಿತ್ತೆಂದು ನನ್ನ ಗುಮಾನಿ.

ಸ್ಥಳಕ್ಕೆ ಹೋಗಿ ನೋಡುವುದು ನಮ್ಮ ಕಡೆಯವರಿಗೆ ಹೊಸತೇನೂ ಅಲ್ಲ. ಉಡುಪಿಯ ಯಕ್ಷಗಾನ ಕಲಾರಂಗವು ವಿದ್ಯಾಪೋಷಕ್ ಯೋಜನೆಯಲ್ಲಿ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುವಾಗ ಕಾರ್ಯಕರ್ತರು ಅವರ ಮನೆಗೇ ಹೋಗಿ ಸ್ಥಿತಿಗತಿ ತಿಳಿದುಕೊಳ್ಳುತ್ತಾರೆ. ಸಾಧ್ಯವಾದರೆ ನಿಮ್ಮ ಮಕ್ಕಳನ್ನು ಅಂಥ ಹಿರಿಯ ಕಾರ್ಯಕರ್ತರೊಡನೆ ಒಮ್ಮೆ ಮಾತನಾಡಿಸಿ. ಮನೆಯೊಂದರ ಬಡತನವನ್ನು ಆ ಮನೆಯವರಿಗೆ ನೋವಾಗದಂತೆ ಕೇಳುವುದು ಹೇಗೆಂಬುದನ್ನು ಯಾವ ಪಠ್ಯವೂ ಕಲಿಸುವುದಿಲ್ಲ.

ದರ್ಪದ ವಿಷಯಕ್ಕೆ ಬರುತ್ತೇನೆ. ವ್ಯಕ್ತಿಗಳ ಚಿಕಿತ್ಸೆಯ ಮನವಿಗಳನ್ನು ಮಕ್ಕಳ ಸಮಿತಿಯ ಮುಂದೆ ಖಂಡಿತ ತರಬೇಡಿ. ಒಬ್ಬರ ಕಿಡ್ನಿಯನ್ನೂ ಇನ್ನೊಬ್ಬರ ಕ್ಯಾನ್ಸರನ್ನೂ ತಕ್ಕಡಿಯಲ್ಲಿಡುವ ಹೊರೆ ಆ ವಯಸ್ಸಿಗೆ ಸಲ್ಲದು. ನೆರೆಮನೆಯ ಕಾಯಿಲೆಯ ಕಾಗದಗಳು ಅವರ ಕೈಗೆ ಸಿಗುವುದೂ ಸರಿಯಲ್ಲ. ಅದನ್ನು ಹಿರಿಯರೇ ನೋಡಿಕೊಳ್ಳಲಿ, ಮಕ್ಕಳಿಗೆ ಸಂಸ್ಥೆಗಳ ಅರ್ಜಿಗಳು ಸಾಕು. ಹಣ ಸಿಗದವರಿಗೆ ಕಾರಣ ತಿಳಿಸುವ ಪತ್ರವನ್ನು ಮಕ್ಕಳೇ ಬರೆಯಲಿ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಆ ಪತ್ರಗಳೇ. ತುಂಬ ಖಾರವಾಗಿ ಮಾತನಾಡುತ್ತಿದ್ದ ಹುಡುಗನೊಬ್ಬ ಒಂದು ಮಹಿಳಾ ಮಂಡಲಕ್ಕೆ ಬರೆಯಬೇಕಾದ ನಾಲ್ಕು ಸಾಲನ್ನು ಹರಿದು ಹರಿದು ಬರೆದ.

ಕಾಪು ಕಡೆಯ ಕಾರ್ಯದರ್ಶಿ:

ಮೇಡಂ, ಬಹಳ ಉಪಕಾರವಾಯಿತು. ಚಿಕಿತ್ಸೆಯ ಮನವಿಗಳನ್ನು ಪ್ರತ್ಯೇಕಿಸಿ, ಅದಕ್ಕೆಂದು 15,000 ರೂಪಾಯಿಯನ್ನು ಹಿರಿಯರ ಬಳಿಯೇ ಉಳಿಸಿಕೊಳ್ಳುವಂತೆ ಕೇಳಿಕೊಳ್ಳುತ್ತೇನೆ. ಇದರಿಂದ ನಮ್ಮ ಸಮಿತಿಯಲ್ಲಿ ಅರ್ಧ ವಿರೋಧ ತಣ್ಣಗಾಗಬಹುದು. ಆದರೆ ಸ್ನೇಹಿತರಿಗೇ ಕೊಡುವ ಸಮಸ್ಯೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ನಮ್ಮದು ಸಣ್ಣ ಊರು. ಅರ್ಜಿ ಹಾಕುವ ಶಾಲೆಗಳಲ್ಲೇ ಈ ಮಕ್ಕಳು ಓದುತ್ತಿದ್ದಾರೆ, ಒಬ್ಬಳ ತಾಯಿ ಅಂಗನವಾಡಿ ಕಾರ್ಯಕರ್ತೆ.

ಮೂಲ್ಕಿಯಿಂದ ಮಿಶಿಗನ್‌ಗೆ ಬಂದವನು:

ನಾನಿರುವ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದರಿಂದ ಬರೆಯುತ್ತಿದ್ದೇನೆ. ಇಲ್ಲಿ ಊರಿನವರ ದೇಣಿಗೆಯನ್ನು ಶಾಶ್ವತ ಮೂಲಧನವಾಗಿ ಇಟ್ಟು ಅದರ ಆದಾಯವನ್ನು ಸ್ಥಳೀಯ ಕೆಲಸಗಳಿಗೆ ಹಂಚುವ ಸಮುದಾಯ ಪ್ರತಿಷ್ಠಾನಗಳಿವೆ. ಈ ಬಗೆಯ ಮೊದಲನೆಯದು 1914ರಲ್ಲಿ ಪಕ್ಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಆರಂಭವಾಯಿತು. 1980ರ ದಶಕದ ಕೊನೆಯಲ್ಲಿ ಕೆಲ್ಲಾಗ್ ಪ್ರತಿಷ್ಠಾನವು ಮಿಶಿಗನ್ನಿನ ಇಂಥ ಸಂಸ್ಥೆಗಳಿಗೆ ದೊಡ್ಡ ಮೊತ್ತ ಕೊಡುವಾಗ, ಯುವಜನರಿಗಾಗಿ ಪ್ರತ್ಯೇಕ ನಿಧಿ ಇರಬೇಕು, ಅದರ ಹಂಚಿಕೆಯ ಶಿಫಾರಸನ್ನು ಯುವಜನರ ಸಲಹಾ ಸಮಿತಿಯೇ ಮಾಡಬೇಕು ಎಂಬ ಷರತ್ತನ್ನು ಮುಂದಿಟ್ಟಿತು. ಆ ಸಮಿತಿಗಳು ಇಂದಿಗೂ ಇವೆ. ಅರ್ಜಿ ಕರೆಯುವ ಮೊದಲು ತಮ್ಮ ಓರಗೆಯವರನ್ನು ಸಮೀಕ್ಷೆ ಮಾಡಿ ಊರಿನ ಯುವಜನರ ನಿಜವಾದ ಕಷ್ಟ ಏನೆಂದು ತಿಳಿದುಕೊಳ್ಳುವ ಅವುಗಳ ಕ್ರಮ ನನಗೆ ತುಂಬ ಇಷ್ಟ. ನಮ್ಮ ಕಡೆ ಹಿಡಿಸೀತೋ ಇಲ್ಲವೋ, ಒಮ್ಮೆ ಪ್ರಯತ್ನಿಸಿ: ಊರಿನ ಮಕ್ಕಳನ್ನು ಕೇಳಿದರೆ ನೋಟ್ ಪುಸ್ತಕವೆಂದು ಎಷ್ಟು ಮಂದಿ ಹೇಳುತ್ತಾರೆ, ಸಂಜೆ ಟ್ಯೂಷನ್ ಮುಗಿದ ಮೇಲೆ ಬಸ್ಸಿಲ್ಲವೆಂದು ಎಷ್ಟು ಮಂದಿ ಹೇಳುತ್ತಾರೆ ಎಂಬುದು ಗೊತ್ತಾದೀತು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು:

ಸ್ನೇಹಿತರ ವಿಷಯ. ಸಂಬಂಧವೇ ಇರಬಾರದೆಂದು ನಿಯಮ ಮಾಡಿದರೆ ಸಣ್ಣ ಊರಿನಲ್ಲಿ ಸಮಿತಿಗೆ ಯಾರೂ ಸಿಗುವುದಿಲ್ಲ. ಬ್ಯಾಂಕಿನಲ್ಲಿ ಸಂಬಂಧಿಕರ ಸಾಲದ ಕಡತ ಬಂದಾಗ ನಾವು ಮೊದಲು ಅದನ್ನು ತಿಳಿಸಿ, ಬಳಿಕ ಆ ಕಡತದಿಂದ ದೂರ ಸರಿಯುತ್ತಿದ್ದೆವು. ಅಷ್ಟೇ ಇಲ್ಲಿಯೂ ಸಾಕು. ಸಭೆಯ ಆರಂಭದಲ್ಲಿ ಪ್ರತಿಯೊಬ್ಬ ಮಗುವೂ ಯಾವ ಅರ್ಜಿಯೊಡನೆ ತನಗೆ ಸಂಬಂಧವಿದೆಯೆಂದು ಹೇಳಲಿ. ಅದು ನಡವಳಿ ಪುಸ್ತಕದಲ್ಲಿ ದಾಖಲಾಗಲಿ. ಆ ಅರ್ಜಿಯ ಸರದಿ ಬಂದಾಗ ಆ ಮಗು ಹೊರಗೆ ಹೋಗಿ ಕುಳಿತುಕೊಳ್ಳಲಿ. ತಾನು ಓದುವ ಶಾಲೆಯ ಅರ್ಜಿಯ ಬಗ್ಗೆ ಮಾಹಿತಿ ಕೇಳಿದರೆ ಕೊಡಬಹುದು, ಮತ ಹಾಕುವಂತಿಲ್ಲ. ಅಂಗನವಾಡಿಯ ಅರ್ಜಿ ಬಂದರೆ ಆ ಹುಡುಗಿಗೂ ಇದೇ ನಿಯಮ, ಸ್ಥಳ ಭೇಟಿಗೂ ಅವಳನ್ನು ಕಳುಹಿಸಬೇಡಿ. ಈ ನಿಯಮವನ್ನು ಹಿರಿಯರ ಸಮಿತಿಗೂ ಅನ್ವಯಿಸಬಹುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಾಗಿರಲಿ.