ಸಹಾಯ ಬೇಕು: ಗ್ರೇವಿ ಜೀಬ್ರಾಗಳ ಪಟ್ಟೆ ಹೋಲಿಸುವುದು ಹೇಗೆ?

ಕೀನ್ಯಾದ ಲೈಕಿಪಿಯಾದಲ್ಲಿರುವ ವನ್ಯಜೀವಿ ಸಂಶೋಧನಾ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಬಂದು ಮೂರು ದಿನವಾಯಿತು. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹೊರಡುವ ಪುಟ್ಟ ವಿಮಾನದಲ್ಲಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ನನ್ನ ಗಟ್ಟಿ ಸೂಟ್‌ಕೇಸು ಅಲ್ಲೇ ಉಳಿಯಿತು, ಜೊತೆಗೆ ಅಮ್ಮ ಕೊಟ್ಟ ಚಟ್ನಿಪುಡಿಯೂ. ಇಲ್ಲಿ ದಿನವೂ ಉಗಾಲಿ: ಮೆಕ್ಕೆಜೋಳದ ಬಿಳಿ ಮುದ್ದೆ. ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಲ್ಲಿ ಸೊಪ್ಪು ಎತ್ತಿಕೊಳ್ಳಬೇಕು. ನಾನು ರಾಗಿಮುದ್ದೆಯಂತೆ ನುಂಗಿದ್ದನ್ನು ಕಂಡು ಅಡುಗೆಯವರು ಗಾಬರಿಯಾದರು.

ಈಗ ವಿಷಯಕ್ಕೆ ಬರುತ್ತೇನೆ. ಗ್ರೇವಿ ಎಂಬ ಜಾತಿಯ ಜೀಬ್ರಾಗಳ ಬಲಮಗ್ಗುಲಿನ ಚಿತ್ರಗಳನ್ನು ಹೋಲಿಸಿ, ಯಾವುದು ಯಾವ ಪ್ರಾಣಿ ಎಂದು ಗುರುತಿಸುವುದು ನನ್ನ ಕೆಲಸ. ಬಿಳಿ ಹೊಟ್ಟೆ, ದುಂಡನೆಯ ದೊಡ್ಡ ಕಿವಿ ನೋಡಿ ಸಾಮಾನ್ಯ ಜೀಬ್ರಾದಿಂದ ಬೇರ್ಪಡಿಸಬಲ್ಲೆ. ಆದರೆ ಅವುಗಳೊಳಗೇ ಒಂದರಿಂದ ಇನ್ನೊಂದನ್ನು? ಪಟ್ಟೆಗಳು ಎಷ್ಟು ಸಣ್ಣವೆಂದರೆ ಇಪ್ಪತ್ತನೇ ಚಿತ್ರಕ್ಕೆ ಕಣ್ಣು ಕಟ್ಟುತ್ತದೆ. ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿಯ ಪಟ್ಟೆ ಹೋಲಿಸಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಮೊದಲು ದೇಹದ ಯಾವ ಭಾಗ ನೋಡುತ್ತೀರಿ? ಭುಜವೋ, ಸೊಂಟವೋ? ಪ್ರಾಣಿ ಓರೆಯಾಗಿ ನಿಂತಿದ್ದರೆ ಏನು ಮಾಡುತ್ತೀರಿ?

ಇನ್ನೊಂದು ಸಣ್ಣ ಚಿಂತೆ. ಹಳದಿಜ್ವರದ ಲಸಿಕೆ ಪತ್ರದಲ್ಲಿ ನನ್ನ ಹೆಸರಿನ ಒಂದು ಅಕ್ಷರ ಪಾಸ್‌ಪೋರ್ಟ್‌ಗಿಂತ ಬೇರೆಯಾಗಿದೆ. ಬೆಂಗಳೂರಿಗೆ ಮರಳುವಾಗ ಇದಕ್ಕಾಗಿ ಯಾರನ್ನಾದರೂ ತಡೆದದ್ದುಂಟೇ? ಅನುಭವವಿದ್ದವರು ಮಾತ್ರ ಹೇಳಿ, ಊಹೆ ನನ್ನಲ್ಲೇ ಬೇಕಾದಷ್ಟಿದೆ.

ಇಂಟರ್‌ನೆಟ್ ಸಿಗುವುದು ಸಂಜೆ ಜನರೇಟರ್ ಓಡುವ ಒಂದು ಗಂಟೆ ಮಾತ್ರ. ಉತ್ತರಿಸಲು ತಡವಾದರೆ ಬೇಸರಿಸಬೇಡಿ.