ಓರೆ ಚಕ್ರದ ವಿಡಿಯೊ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): ಚಕ್ರಗಳನ್ನು ಒಳಕ್ಕೆ ಓರೆ ಮಾಡಿಸುವವರೇ, ಎಚ್ಚರ! 2013ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ರೇಸಿನಲ್ಲಿ ಟೈರುಗಳು ಒಡೆದದ್ದು ಇದರಿಂದಲೇ. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ: ಇದನ್ನು ಯಾರಿಗಾಗಿ ಹಾಕಿದ್ದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ತಯಾರಿಸಿದವರು ಅಳೆದು ಕೂರಿಸಿದ ಚಕ್ರಕ್ಕೆ ಕೈಹಚ್ಚುವುದು ದುಡ್ಡಿನ ಮದ, ವಯಸ್ಸಿನ ಮದ.

ಧಾರವಾಡದ ಅಕ್ಕ: ದೊಡ್ಡಪ್ಪ, ಇದನ್ನು ಬರೆದವರು ಯಾರು, ಯಾವ ವರದಿಯ ಆಧಾರವಿದೆ? ನೈಟ್ರೋಜನ್ ತುಂಬಿಸಿದರೆ ಟೈರ್ ಒಡೆಯುವುದೇ ಇಲ್ಲವೆಂದು ಹಿಂದೊಮ್ಮೆ ಹಾಕಿದಾಗಲೂ ಕೇಳಿದ್ದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ ಎಂದದ್ದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ದೊಡ್ಡಪ್ಪ: ಆಧಾರ ನನ್ನ ಗ್ಯಾರೇಜಿನಲ್ಲಿತ್ತಮ್ಮ. 2019ರಲ್ಲಿ ಇವನು ನನ್ನ ಕಾರನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿಗೆ ಒಯ್ದು ತಂದಾಗ ಮುಂದಿನ ಎರಡು ಹೊಸ ಟೈರುಗಳ ಹೊರ ಅಂಚು ಬೋಳಾಗಿತ್ತು. ಎಡಗಡೆಯದರಲ್ಲಿ ತಂತಿಯೇ ಕಾಣುತ್ತಿತ್ತು. ಏನೂ ಆಗುವುದಿಲ್ಲವೆಂದು ಇದೇ ಗುಂಪಿನಲ್ಲಿ ಮಾತು ಕೊಟ್ಟಿದ್ದ.

ನಾನು: ಒಂದು ದಿನಕ್ಕೆ ಏನೂ ಆಗಲಿಕ್ಕಿಲ್ಲ ಎಂದಿದ್ದೆ, ದೊಡ್ಡಪ್ಪ.

ಧಾರವಾಡದ ಅಕ್ಕ: ಹುಡುಕಿ ನೋಡಿದೆ. ‘ಆಗುವುದಿಲ್ಲ’ ಎಂದೇ ಇದೆ.

ನಾನು: ಹಾಗಾದರೆ ತಪ್ಪು ನನ್ನದೇ. ಆದರೆ ಈ ವಿಡಿಯೊ ಹೇಳುವುದು ನಿಜವಲ್ಲ. ಆ ರೇಸಿನಲ್ಲಿ ಹ್ಯಾಮಿಲ್ಟನ್, ಮಾಸ್ಸಾ ಮೊದಲಾದವರ ಎಡಬದಿಯ ಹಿಂದಿನ ಟೈರ್ ಸಿಡಿಯಿತು. ಟೈರ್ ಒದಗಿಸಿದ ಪಿರೆಲ್ಲಿ ಕಂಪನಿ ಅದಕ್ಕೆ ನಾಲ್ಕು ಕಾರಣ ಕೊಟ್ಟಿತ್ತು: ಹಿಂದಿನ ಟೈರುಗಳನ್ನು ಎಡಬಲ ಅದಲುಬದಲು ಮಾಡಿದ್ದು, ಗಾಳಿಯನ್ನು ಕಡಿಮೆ ತುಂಬಿದ್ದು, ಕ್ಯಾಂಬರನ್ನು ಅಂದರೆ ಚಕ್ರದ ಓರೆಯನ್ನು ಅತಿಗೆ ಒಯ್ದದ್ದು, ವೇಗದ ತಿರುವುಗಳಲ್ಲಿ ಕರ್ಬ್ ಅಂದರೆ ಟ್ರ್ಯಾಕಿನ ಅಂಚಿನ ಉಬ್ಬುಕಟ್ಟೆ ಹತ್ತಿಸಿದ್ದು. ನಿಮ್ಮ ಕಾರಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಓರೆ ಸಾಲದೆ ಟೈರ್ ಹಾಳಾಯಿತು. ತಿರುವಿನಲ್ಲಿ ಕಾರು ವಾಲಿದಾಗ ಅದರೊಡನೆ ಹೊರಬದಿಯ ಚಕ್ರದ ಮೇಲ್ಭಾಗವೂ ಹೊರಕ್ಕೆ ವಾಲಿ, ಭಾರವೆಲ್ಲ ಟೈರಿನ ಹೊರ ಅಂಚಿನ ಮೇಲೆ ಬೀಳುತ್ತದೆ. ಚಕ್ರದ ಮೇಲ್ಭಾಗವನ್ನು ಮೊದಲೇ ಎರಡೂವರೆ, ಮೂರು ಡಿಗ್ರಿ ಒಳಕ್ಕೆ ವಾಲಿಸಿಟ್ಟಿದ್ದರೆ ಆ ಗಳಿಗೆಯಲ್ಲಿ ಟೈರ್ ನೆಲಕ್ಕೆ ಸಮನಾಗಿ ಕೂರುತ್ತದೆ.

ದೊಡ್ಡಪ್ಪ: ನೀನು ಒಯ್ಯುವ ಹಿಂದಿನ ದಿನವಷ್ಟೇ ಅಲೈನ್‌ಮೆಂಟ್ ಮಾಡಿಸಿದ್ದೆ. ಪರದೆಯ ಮೇಲೆ ಎಲ್ಲವೂ ಹಸಿರು ಬಂದಿತ್ತು.

ನಾನು: ಆ ಹಸಿರು ಮೈಸೂರು ರಸ್ತೆಗೆ ಸರಿ, ಟ್ರ್ಯಾಕಿಗಲ್ಲ. ಈಗ ನನ್ನ ಕಾರಿನಲ್ಲಿ ಚಾಲಕನ ಸೀಟಿಗೆ ನನ್ನ ತೂಕದಷ್ಟು ಮರಳಿನ ಚೀಲವಿಟ್ಟು, ಮೊದಲು ಕ್ಯಾಂಬರ್, ಕಡೆಗೆ ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ ಕೂರಿಸುತ್ತೇನೆ, ಏಕೆಂದರೆ ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ. ಟ್ರ್ಯಾಕಿನಿಂದ ಒಳಗೆ ಬಂದೊಡನೆ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರರ ಬಿಸಿಯನ್ನೂ ಥರ್ಮಾಮೀಟರಿನ ಸೂಜಿಯನ್ನು ರಬ್ಬರಿಗೆ ಚುಚ್ಚಿ ಅಳೆಯುತ್ತೇನೆ. ಮೊದಲು ಹೊರ ಅಂಚು 95 ಡಿಗ್ರಿ, ಒಳ ಅಂಚು 76 ಇರುತ್ತಿತ್ತು. ಓರೆ ಹೆಚ್ಚಿಸಿದ ಮೇಲೆ ಒಳ ಅಂಚೇ ಐದಾರು ಡಿಗ್ರಿ ಹೆಚ್ಚಿರುತ್ತದೆ, ಅದು ಹಾಗೆಯೇ ಇರಬೇಕು.

ಹಾಸನದ ಚಿಕ್ಕಪ್ಪ: ಇದನ್ನೆಲ್ಲ ಓದಿ ಶೋಲಾವರಂ ನೆನಪಾಯಿತು. ಯುದ್ಧಕಾಲದ ಹಳೆಯ ವಿಮಾನದಾರಿಯ ಮೇಲೆ ರೇಸು ನಡೆಯುತ್ತಿತ್ತು, ಅಂಚಿಗೆ ಹುಲ್ಲಿನ ಕಂತೆಗಳು. ಅಣ್ಣನ ಫಿಯೆಟ್ಟಿನಲ್ಲಿ ನೋಡಲು ಹೋಗಿದ್ದೆವು. ದಾರಿಯಲ್ಲಿ ಎರಡು ಸಲ ಪಂಕ್ಚರ್ ಆಗಿ, ಟ್ಯೂಬಿಗೆ ಪ್ಯಾಚ್ ಹಾಕಿಸಿಕೊಂಡು ಮುಟ್ಟುವಷ್ಟರಲ್ಲಿ ಅರ್ಧ ರೇಸು ಮುಗಿದಿತ್ತು.

ದೊಡ್ಡಪ್ಪ: ಒಂದೇ ಸಲ. ಎರಡನೆಯದು ಪಂಕ್ಚರ್ ಅಲ್ಲ, ನೀನು ವಾಲ್ವ್ ಮುಚ್ಚಳ ಕಳೆದದ್ದು.

ಧಾರವಾಡದ ಅಕ್ಕ: ವಿಡಿಯೊ ಸುಳ್ಳೆಂದು ಒಪ್ಪುತ್ತೀರೋ ಇಲ್ಲವೋ, ಅದನ್ನು ಹೇಳಿ.

ದೊಡ್ಡಪ್ಪ: ಟೈರಿನ ಹಣ ಬಂದ ಮೇಲೆ ಹೇಳುತ್ತೇನೆ.

ನಾನು: ಈ ಭಾನುವಾರ ಹಣ ತಂದು ಕೊಡುತ್ತೇನೆ, ದೊಡ್ಡಪ್ಪ. ಅಂದು ನಿಮ್ಮ ನಾಲ್ಕೂ ಟೈರುಗಳ ಗಾಳಿಯನ್ನೂ ನೋಡುತ್ತೇನೆ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ನಾನು ಬರುವವರೆಗೆ ಕಾರನ್ನು ಹೊರಗೆ ತೆಗೆಯಬೇಡಿ.