ಮಾಯೆಯೂ ಇರಬೇಕು, ಪ್ರೀತಿಯೂ ಇರಬೇಕು: ಈ ವರ್ಷ ಓದಿದ್ದರಲ್ಲಿ ಯಾವುದು?

ಪುಟದಕಿವಿ (ದಾವಣಗೆರೆ):
ಈ ವರ್ಷ ಎಲ್ಲರ ಪಟ್ಟಿಯಲ್ಲೂ ಫ್ಯಾಂಟಸಿ, ರೊಮ್ಯಾನ್ಸ್ ಒಟ್ಟಿಗೇ ಕಾಣ್ತಿವೆ. ಓದಿದರೆ ಎಷ್ಟೋ ಕಡೆ ಡ್ರ್ಯಾಗನ್ ಒಂದು ದಾರಿ, ಪ್ರೀತಿ ಇನ್ನೊಂದು ದಾರಿ. ಎರಡೂ ಹದವಾಗಿ ಬೆರೆತ ಕಾದಂಬರಿಗಳನ್ನು ಹೇಳ್ರಿ. ಇಂಗ್ಲಿಷ್ ಆದರೂ ಅಡ್ಡಿಯಿಲ್ಲ, ಕನ್ನಡದ್ದು ಇದ್ದರೆ ಇನ್ನೂ ಚೆನ್ನ. ದುರ್ಗ–ದಾವಣಗೆರೆ ಬಸ್ಸಲ್ಲಿ ದಿನಕ್ಕೆ 25 ಪುಟ ಸಾಗುತ್ತೆ ಅಂತ ಲೆಕ್ಕ ಹಿಡೀರಿ. ಸರಣಿ ಮುಗಿದಿಲ್ಲ ಅಂದ್ರೆ ಅದನ್ನೂ ಮೊದಲೇ ಹೇಳಿಬಿಡ್ರಿ.

ಕೋಟೆಬಾಗಿಲು (ಚಿತ್ರದುರ್ಗ):
ಒಂದು ಪರೀಕ್ಷೆ ಇದೆ. ಕಥೆಯಿಂದ ಮಾಯೆಯನ್ನು ತೆಗೆದುಬಿಡಿ. ಆಗಲೂ ಆ ಇಬ್ಬರ ನಡುವಿನ ತೊಡಕು ಹಾಗೇ ಉಳಿದರೆ, ಮಾಯೆ ಬರೀ ಅಲಂಕಾರ. ತೊಡಕೇ ಇಲ್ಲವಾದರೆ ಎರಡೂ ಬೆರೆತಿವೆ ಅಂತ ಅರ್ಥ.

ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್' (2023) ಈ ಪರೀಕ್ಷೆ ಪಾಸಾಗುತ್ತೆ. ನಾಯಕಿಯ ಡ್ರ್ಯಾಗನ್, ನಾಯಕನ ಡ್ರ್ಯಾಗನ್ ಎರಡೂ ಜೋಡಿ. ಅವು ಬಹಳ ದಿನ ಬೇರೆ ಇರಲಾರವು, ಹಾಗಾಗಿ ಇವರಿಬ್ಬರೂ ದೂರ ಇರೋ ಹಾಗಿಲ್ಲ. (ಇದು ಕೊನೆಯ ಗುಟ್ಟಲ್ಲ, ನಡುವೆಯೇ ಗೊತ್ತಾಗುತ್ತೆ.) ಇಂಗ್ಲಿಷ್ ಸರಳ, ಸುಮಾರು 500 ಪುಟ, ನಿಮ್ಮ ಲೆಕ್ಕದಲ್ಲಿ 20 ದಿನ. ಭಾಷೆಯಲ್ಲಿ ಸೊಗಸು ಹುಡುಕಬೇಡಿ, ಓಟಕ್ಕಾಗಿ ಓದಿ. ಆದರೆ ಇದು ಐದು ಪುಸ್ತಕಗಳ ಯೋಜನೆ. ಮೂರನೆಯದು 2025ರ ಜನವರಿಯಲ್ಲಿ ಬಂತು. ಪ್ರತಿ ಪುಸ್ತಕವೂ ಉಸಿರು ಹಿಡಿಸೋ ಜಾಗದಲ್ಲೇ ನಿಲ್ಲುತ್ತೆ.

ಕಾಯೋ ತಾಳ್ಮೆ ಇಲ್ಲದಿದ್ದರೆ ನವೋಮಿ ನೋವಿಕ್ ಅವರ 'ಅಪ್‌ರೂಟೆಡ್' (2015). ಒಂದೇ ಪುಸ್ತಕ, ಅಲ್ಲಿಗೇ ಮುಗೀತು. ನೆಬ್ಯುಲಾ ಪ್ರಶಸ್ತಿಯೂ ಬಂದಿದೆ. ಮಂತ್ರವಾದಿಯದು ಅಕ್ಷರ ತಪ್ಪದ ಮಂತ್ರ, ಹುಡುಗಿಯದು ಗುನುಗೋ ಹಾಡಿನಂಥ ಮಂತ್ರ. ಎರಡೂ ಕೂಡಿದಾಗಲೇ ಅವರ ನಡುವೆ ಏನೋ ನಡೆಯುತ್ತೆ. ಪ್ರೇಮದ ಪಾಲು ಕಡಿಮೆ. ಪೋಲಿಷ್ ಹೆಸರುಗಳು ನಾಲಿಗೆಗೆ ತೊಡಕು, ಆದರೆ ಗುಂಪಾಗಿ ಮೈಮೇಲೆ ಬೀಳಲ್ಲ.

ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' ಹಿಡಿದವರು ಎಡವೋದು ಒಂದೇ ಕಡೆ. ಮೊದಲ ಪುಸ್ತಕದ ಮೊದಲರ್ಧ ನಿಧಾನ ಅಂತ ಕೆಳಗಿಡ್ತಾರೆ. ಸರಣಿಯ ನಿಜವಾದ ಪ್ರೇಮಕಥೆ ಶುರುವಾಗೋದು ಎರಡನೆಯದರಲ್ಲಿ (2016). ಎರಡೂ ಓದೋ ಮನಸ್ಸಿದ್ದರೆ ಮಾತ್ರ ಹಿಡೀರಿ.

ಅಚ್ಛೋದ:
ಪರೀಕ್ಷೆ ಚೆನ್ನಾಗಿದೆ. ಆದರೆ ಅದಕ್ಕೆ ನೂರಕ್ಕೆ ನೂರು ತೆಗೆಯೋ ಕೃತಿ ಕನ್ನಡದಲ್ಲೇ ಇದೆ: ಬಾಣಭಟ್ಟನ ಸಂಸ್ಕೃತ ಕೃತಿಯನ್ನು ಒಂದನೇ ನಾಗವರ್ಮ ಚಂಪುವಿನಲ್ಲಿ (ಗದ್ಯ, ಪದ್ಯ ಬೆರೆತ ಕಾವ್ಯದಲ್ಲಿ) ತಂದ 'ಕರ್ನಾಟಕ ಕಾದಂಬರಿ'. ನಾವೆಲ್ ಅನ್ನೋದಕ್ಕೆ ನಾವು ಬಳಸೋ ಹೆಸರೇ ಅಲ್ಲಿಂದ ಬಂದದ್ದು.

ಮಹಾಶ್ವೇತೆಯನ್ನು ಪ್ರೀತಿಸಿದ ಮುನಿಕುಮಾರ ಪುಂಡರೀಕ ವಿರಹದಲ್ಲಿ ಸಾಯುವಾಗ ಚಂದ್ರನಿಗೆ ಶಾಪ ಕೊಡ್ತಾನೆ, ಚಂದ್ರ ಮರುಶಾಪ ಕೊಡ್ತಾನೆ. ಆ ಎರಡು ಶಾಪದಿಂದಲೇ ಮುಂದಿನ ಜನ್ಮಗಳು. ಶಾಪ ತೆಗೆದರೆ ಕಥೆಯೇ ಇಲ್ಲ.

ಓದುಗರು ದಾರಿ ತಪ್ಪೋದು ಕಥೆಯೊಳಗಿನ ಕಥೆಯಲ್ಲಿ. ಶೂದ್ರಕ ರಾಜನಿಗೆ ಗಿಳಿ ಹೇಳುತ್ತೆ, ಗಿಳಿ ಹೇಳೋದು ಜಾಬಾಲಿ ಮುನಿ ಹೇಳಿದ್ದನ್ನು, ಅದರೊಳಗೆ ಮಹಾಶ್ವೇತೆ ತನ್ನ ಕಥೆ ಹೇಳ್ತಾಳೆ. ಪುಸ್ತಕದಲ್ಲಿ ಒಂದು ಚೀಟಿ ಇಟ್ಟು ಎರಡು ಸಾಲು ಬರೆದಿಡಿ, ಒಂದೊಂದು ಸಾಲೂ ಒಂದೇ ಜೀವದ ಮೂರು ರೂಪ: ಚಂದ್ರ, ಚಂದ್ರಾಪೀಡ, ಶೂದ್ರಕ, ಕೆಳಗೆ ಪುಂಡರೀಕ, ವೈಶಂಪಾಯನ, ಗಿಳಿ. ಕೊನೆಯ ಗುಟ್ಟು ಮೊದಲೇ ಗೊತ್ತಾಗುತ್ತೆ, ನಿಜ. ಆದರೂ ಈ ಚೀಟಿ ಇಲ್ಲದೆ ಅರ್ಧಕ್ಕೆ ಬಿಡೋದಕ್ಕಿಂತ ಅದು ಮೇಲು. ಹಳಗನ್ನಡ ಅಭ್ಯಾಸ ಇಲ್ಲದವರು ಹೊಸಗನ್ನಡ ಗದ್ಯಾನುವಾದ ಹಿಡಿದು, ವರ್ಣನೆಗಳನ್ನು ಮೊದಲ ಸಲ ಹಾರಿಸಿ. ಮಹಾಶ್ವೇತೆ ಬಂದ ಮೇಲೆ ಮಾತ್ರ ಒಂದು ಸಾಲೂ ಹಾರಿಸಬೇಡಿ.

ಬಾತಿಗುಡ್ಡ:
ಮುಗಿದ ಸರಣಿ, ನಮ್ಮ ಕಿವಿಗೆ ಪರಿಚಯದ ಹೆಸರುಗಳು ಬೇಕು ಅಂದ್ರೆ ತಾಷಾ ಸೂರಿ ಅವರ 'ದ ಜ್ಯಾಸ್ಮಿನ್ ಥ್ರೋನ್' (2021). ಮೂರನೆಯದು 2024ರಲ್ಲಿ ಬಂದು ಸರಣಿ ಪೂರ್ತಿಯಾಗಿದೆ. ಸೆರೆಯಲ್ಲಿರೋ ರಾಜಕುಮಾರಿ ಮಾಲಿನಿ, ಸೇವಕಿ ಪ್ರಿಯಾ ಇವರಿಬ್ಬರ ಪ್ರೇಮ. ಮನುಷ್ಯರ ಮೈಯಲ್ಲೇ ಗಿಡ ಚಿಗುರೋ ರೋಗವೂ ಇದೆ. ಕಥೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿರುತ್ತೆ, ಅಧ್ಯಾಯದ ತಲೆಯಲ್ಲಿರೋ ಹೆಸರು ನೋಡದೆ ಓದಿದರೆ ಗೊಂದಲ.

ಇನ್ನೊಂದು ಮಾತು. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗೋ ಫೋರ್ತ್ ವಿಂಗ್ ಬಹುಪಾಲು ಕಳ್ಳ ಮುದ್ರಣ. ಮೊದಲಲ್ಲಿರೋ ನಕ್ಷೆಯ ಅಕ್ಷರ ಓದಲಾಗದಷ್ಟು ಮಸಕಾಗಿದ್ದರೆ ಅನುಮಾನಿಸಿ. ಒಂದು ಫಾರಂ, ಅಂದ್ರೆ 16 ಪುಟ, ಬಿಟ್ಟುಹೋಗಿರುತ್ತೆ ಇಲ್ಲವೇ ಎರಡು ಸಲ ಬಂದಿರುತ್ತೆ. ಪುಟಸಂಖ್ಯೆ ಸರಸರ ತಿರುವಿ ನೋಡಿಯೇ ದುಡ್ಡು ಕೊಡ್ರಿ. ಡ್ರ್ಯಾಗನ್ ಚಿತ್ರ ನೋಡಿ ಹೈಸ್ಕೂಲು ಮಕ್ಕಳಿಗೂ ಕೊಡಿಸಬೇಡಿ. ಅದು, ಮಾಸ್ ಅವರ ಸರಣಿ, ಎರಡೂ ದೊಡ್ಡವರಿಗೆ.

ಪುಟದಕಿವಿ:
ಚೀಟಿಯ ಉಪಾಯ ಹಿಡಿಸಿತು. ಮಾಯೆ ಇಲ್ಲದ ಬರೀ ಪ್ರೇಮಕಥೆಗೆ ಆ ಪರೀಕ್ಷೆ ನಡೆಯುತ್ತಾ?

ಕೋಟೆಬಾಗಿಲು:
ನಡೆಯುತ್ತೆ, ಮಾಯೆಯ ಜಾಗದಲ್ಲಿ ಆಸ್ತಿ ಇಟ್ಟು ನೋಡಿ. ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಆಸ್ತಿಯ ಆಸೆಗೆ ಒಪ್ಪಿದ್ದ ಗಂಡು ಹಿಂದೆ ಸರೀತಾನೆ. ಆಸ್ತಿ ತೆಗೆದರೆ ತೊಡಕಿಲ್ಲ. ತೆಳ್ಳನೆ ಪುಸ್ತಕ, ಒಂದು ವಾರಕ್ಕೆ ಮುಗಿಯುತ್ತೆ. ಸಿನಿಮಾ ನೋಡಿದವರೂ ಓದಬಹುದು.

ನಮ್ಮ ಕಡೆಯದೇ ಬೇಕಂದ್ರೆ ಮಲೇಬೆನ್ನೂರಲ್ಲಿ ಹುಟ್ಟಿದ ತ.ರಾ.ಸು. ಇದ್ದಾರಲ್ಲ. 'ನಾಗರಹಾವು' ಸಿನಿಮಾ (1972) ನೋಡಿ ಅದೇ ಹೆಸರಿನ ಒಂದು ಪುಸ್ತಕ ಕೊಂಡವರು ಉಳಿದ ಕಥೆ ಎಲ್ಲಿ ಅಂತ ಕೇಳ್ತಾರೆ. ಸಿನಿಮಾ ಮಾಡಿದ್ದು ಮೂರು ಕಾದಂಬರಿ ಸೇರಿಸಿ. 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಇವೆರಡನ್ನೂ ಜೊತೆಗೇ ಕೇಳಿ ತಗೊಳ್ರಿ.